ಕಾಫಿ ರೇಟಿನಿಂದ ಕೆಂಪು ಸಮುದ್ರದವರೆಗೆ: ಸುದ್ದಿಯ ಮೂಲಕ ಭೂಗೋಳ ಕಲಿಸುವ ಬಗ್ಗೆ ಒಂದು ಚರ್ಚೆ

(ಪ್ರತಿ ಬರಹದ ಮೇಲಿರುವುದು ಅದನ್ನು ಬರೆದವರು ಇಟ್ಟುಕೊಂಡ ಹೆಸರು.)

ಕಾಫಿಸೀಮೆ ಶಿಕ್ಷಕಿ

ನಾನು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಜನ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವವರು, ಉಳಿದವರು ಎರಡು ಮೂರು ಎಕರೆ ಕಾಫಿ ಇಟ್ಟುಕೊಂಡ ಸಣ್ಣ ಬೆಳೆಗಾರರ ಮಕ್ಕಳು. 2024ರ ಫೆಬ್ರವರಿಯಲ್ಲಿ, ರೋಬಸ್ಟಾ ಕಾಫಿಯ ಕೊಯ್ಲು ಮುಗಿಯುತ್ತಾ ಬಂದಿದ್ದ ಹೊತ್ತಿಗೆ, ಒಂಬತ್ತನೇ ತರಗತಿಯ ಹುಡುಗನೊಬ್ಬ ಪಾಠದ ನಡುವೆ ಎದ್ದು ನಿಂತು, "ಟೀಚರ್, ವಿಯೆಟ್ನಾಂನಲ್ಲಿ ಮಳೆ ಇಲ್ಲವಂತೆ, ಅದಕ್ಕೇ ನಮ್ಮ ಚೆರಿ ರೇಟು ಏರಿದೆಯಂತೆ, ಹೌದಾ?" ಎಂದು ಕೇಳಿದ. ನಾನು ಹೌದು ಎಂದೆ. ಅವನು ಕೂತುಕೊಳ್ಳಲಿಲ್ಲ. "ವಿಯೆಟ್ನಾಂ ಎಲ್ಲಿದೆ?" ಎಂದ.

ಆ ಹುಡುಗ ಏಳನೇ ತರಗತಿಯೊಳಗೆ ಎಲ್ಲ ಖಂಡಗಳ ಪಾಠ ಮುಗಿಸಿ, ಪ್ರಶ್ನೋತ್ತರ ಬರೆದು, ಅಂಕ ಪಡೆದೇ ನನ್ನ ತರಗತಿಗೆ ಬಂದವನು. ಆದರೂ ಆ ದೇಶ ಎಲ್ಲಿದೆ ಎಂದು ತಿಳಿಯಬೇಕೆಂಬ ಹಸಿವು ಅವನಲ್ಲಿ ಹುಟ್ಟಿದ್ದು ತಂದೆ ಕಣದಲ್ಲಿ ಕೂತು ಚೀಲಕ್ಕೆ ಎಷ್ಟು ಸಿಕ್ಕೀತು ಎಂದು ಲೆಕ್ಕ ಹಾಕುತ್ತಿದ್ದ ದಿನ. ಅಂದಿನಿಂದ ನಾನು ಪಾಠದ ಕ್ರಮವನ್ನು ತಿರುಗಿಸಿಕೊಂಡಿದ್ದೇನೆ. ಮೊದಲು ದೇಶ, ಆಮೇಲೆ ಅದರ ಮಣ್ಣು, ಹವೆ, ಬೆಳೆ, ಕೊನೆಗೆ "ಇತ್ತೀಚಿನ ವಿದ್ಯಮಾನ" ಎಂಬ ಕ್ರಮವನ್ನು ಬಿಟ್ಟು, ಮನೆಯ ಬಾಗಿಲಿಗೆ ಬಂದು ಮುಟ್ಟಿದ ಸುದ್ದಿಯ ತುದಿ ಹಿಡಿದು ನಕ್ಷೆಯ ಕಡೆಗೆ ನಡೆಯುತ್ತೇವೆ.

ಪತ್ರಿಕೆಯಲ್ಲಿ 50 ಕೆ.ಜಿ. ಚೀಲದ ಲೆಕ್ಕದಲ್ಲಿ ಬರುವ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಬೀಜ), ರೋಬಸ್ಟಾ ಚೆರಿ (ಇಡೀ ಹಣ್ಣಾಗಿಯೇ ಒಣಗಿಸಿದ್ದು) ದರವನ್ನು ಮಕ್ಕಳು ವಾರಕ್ಕೊಮ್ಮೆ ಹಲಗೆಯ ಮೂಲೆಯಲ್ಲಿ ಬರೆಯುತ್ತಾರೆ. ದರ ಏರಿದ ವಾರ ಕಾರಣ ಹುಡುಕಬೇಕು. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದಾದರೂ, ಜಗತ್ತಿನ ಕಾಫಿಯಲ್ಲಿ ಭಾರತದ ಪಾಲು ತೀರಾ ಸಣ್ಣದು ಎಂಬುದು ಮಕ್ಕಳಿಗೆ ಮೊದಲ ಅಚ್ಚರಿ. ಮೂರನೇ ಒಂದರಷ್ಟನ್ನು ಬ್ರೆಜಿಲ್ ಒಂದೇ ಬೆಳೆಯುತ್ತದೆ; ಎರಡನೇ ಸ್ಥಾನದ ವಿಯೆಟ್ನಾಂ ಬೆಳೆಯುವುದು ಬಹುಪಾಲು ರೋಬಸ್ಟಾ. 2021ರ ಜುಲೈಯಲ್ಲಿ ಬ್ರೆಜಿಲಿನ ಮಿನಾಸ್ ಜೆರೈಸ್ ಪ್ರಾಂತ್ಯದ ತೋಟಗಳು ಇಬ್ಬನಿ ಹೆಪ್ಪುಗಟ್ಟಿ ಸುಟ್ಟುಹೋದ ಸುದ್ದಿಯ ತುಣುಕನ್ನು ಓದಿಸಿದಾಗ, ಒಬ್ಬ ಹುಡುಗಿ "ಜುಲೈ ಅಂದರೆ ಮಳೆಗಾಲವಲ್ಲವಾ, ಅಷ್ಟು ಚಳಿ ಎಲ್ಲಿಂದ ಬಂತು?" ಎಂದು ಕೇಳಿದಳು. ದಕ್ಷಿಣ ಗೋಳಾರ್ಧದ ಋತುಗಳನ್ನು ನಾನು ಹದಿನಾರು ವರ್ಷ ಕಲಿಸಿದ್ದೇನೆ, ಆದರೆ ಆ ಪಾಠಕ್ಕಾಗಿ ಮಗುವೊಂದು ತಾನಾಗಿಯೇ ಬಂದು ಕೈ ಚಾಚಿದ್ದನ್ನು ಕಂಡದ್ದು ಅದೇ ಮೊದಲು.

ಆ ಹುಡುಗ ವಿಯೆಟ್ನಾಂ ಎಲ್ಲಿದೆ ಎಂದು ಕೇಳಿದ ಚಳಿಗಾಲದಲ್ಲೇ ಕೆಂಪು ಸಮುದ್ರದ ಸುದ್ದಿಯೂ ಇತ್ತು. 2023ರ ನವೆಂಬರಿನಿಂದ ಯೆಮೆನ್ನಿನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ನಡೆಸತೊಡಗಿದ್ದರಿಂದ, ನಮ್ಮ ಕಾಫಿಯನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುವ ಇಟಲಿಗೆ ಹೋಗಬೇಕಾದ ಕಂಟೇನರುಗಳು ಸೂಯೆಜ್ ಕಾಲುವೆಯನ್ನು ಬಿಟ್ಟು, ಆಫ್ರಿಕಾದ ದಕ್ಷಿಣ ತುದಿಯ ಬಳಿಯ ಗುಡ್ ಹೋಪ್ ಭೂಶಿರವನ್ನು ಬಳಸಿ ಹೋಗುವಂತಾಯಿತು. ಗೋಡೆ ನಕ್ಷೆಯ ಮೇಲೆ ಗುಂಡುಸೂಜಿ ಚುಚ್ಚಿ, ಸೂಯೆಜ್ ದಾರಿಗೆ ಒಂದು ಕೆಂಪು ದಾರ, ಗುಡ್ ಹೋಪ್ ದಾರಿಗೆ ಒಂದು ನೀಲಿ ದಾರ ಎಳೆದೆವು. ಕೆಂಪು ದಾರ ಕೆಂಪು ಸಮುದ್ರಕ್ಕೆ ಕಾಲಿಡುವ ಕಡೆ ಬಾಬ್ ಎಲ್ ಮಂದೆಬ್ ಜಲಸಂಧಿ ಇದೆ, ಅದರ ತುಸು ಉತ್ತರಕ್ಕೆ ಮೋಖಾ ಎಂಬ ಹಳೆಯ ಬಂದರು. ಬಾಬಾ ಬುಡನ್ ಅವರು ಏಳು ಕಾಫಿ ಬೀಜ ತಂದರೆಂದು ನಮ್ಮೂರಿನ ಪ್ರತಿ ಮಗುವೂ ಕೇಳಿ ಬೆಳೆದ ಐತಿಹ್ಯದ ಯೆಮೆನ್ ಅದೇ, ಮೋಖಾ ಅದೇ. ಬೀಜ ಬಂದ ಬಾಗಿಲು ಮತ್ತು ಬೆಳೆ ಹೋಗುವ ಬಾಗಿಲು ಒಂದೇ ಎಂದು ಅವರ ಬೆರಳೇ ನಕ್ಷೆಯ ಮೇಲೆ ಕಂಡುಕೊಂಡಾಗ ತರಗತಿಯಲ್ಲಿ ಎರಡು ನಿಮಿಷ ಯಾರೂ ಮಾತಾಡಲಿಲ್ಲ.

ನಿಮ್ಮ ನಿಮ್ಮ ಊರುಗಳಲ್ಲಿ ಸುದ್ದಿಯ ಯಾವ ಎಳೆ ಮಕ್ಕಳ ಮನೆಯನ್ನು ಮುಟ್ಟುತ್ತದೆ, ಅದನ್ನು ಹೇಗೆ ಹಿಡಿಯುತ್ತೀರಿ ಎಂದು ತಿಳಿಯುವ ಆಸೆಯಿಂದ ಇದನ್ನು ಬರೆದಿದ್ದೇನೆ. ಇದರಲ್ಲಿ ತಪ್ಪುಗಳಿದ್ದರೆ ಅವನ್ನೂ ಹೇಳಿ.

ಎರೆಮಣ್ಣು

ನಾನು ವಿಜಯಪುರ ಜಿಲ್ಲೆಯವನು. ನಮ್ಮಲ್ಲಿ ಆ ಎಳೆ ಸೂರ್ಯಕಾಂತಿ. 2022ರ ಫೆಬ್ರವರಿ 24ರಂದು ಉಕ್ರೇನ್ ಮೇಲೆ ರಷ್ಯಾದ ಆಕ್ರಮಣ ಶುರುವಾದ ಕೆಲವೇ ದಿನಗಳಲ್ಲಿ ಅಡುಗೆ ಎಣ್ಣೆಯ ಬೆಲೆ ಏರಿ, ಮನೆಮನೆಯಲ್ಲಿ ಅದೇ ಮಾತಾಯಿತು. ಭಾರತ ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನಿನದ್ದಾಗಿತ್ತು, ಕಪ್ಪು ಸಮುದ್ರದ ಬಂದರುಗಳು ಮುಚ್ಚಿಹೋಗಿದ್ದವು. ಮಾರ್ಚ್ ಒಂದರಂದು ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ ಸುದ್ದಿ ಬಂದ ಮೇಲಂತೂ ಆ ದೇಶ ಮಕ್ಕಳಿಗೆ ದೂರದ್ದಾಗಿ ಉಳಿಯಲಿಲ್ಲ.

ಆಗ ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. "ಉಕ್ರೇನಿನಲ್ಲಿ ನಮ್ಮ ಹಾಗೇ ಕಪ್ಪು ಮಣ್ಣಿದೆ, ಅದಕ್ಕೇ ಅಲ್ಲಿಯೂ ಸೂರ್ಯಕಾಂತಿ ಬೆಳೆಯುತ್ತದೆ" ಎಂದುಬಿಟ್ಟೆ. ಮರುದಿನ ಒಬ್ಬ ಹುಡುಗ ಹೊಲದಿಂದ ಒಂದು ಹೆಂಟೆ ತಂದು ಮೇಜಿನ ಮೇಲಿಟ್ಟು, "ಅಲ್ಲಿಯೂ ಬೇಸಿಗೆಯಲ್ಲಿ ಹಿಂಗ ಬಿರುಕು ಬಿಡ್ತದೇನ್ರಿ?" ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಓದಿ ತಿಳಿದು ವಾರದ ನಂತರ ತಿದ್ದಿ ಹೇಳಿದೆ: ನಮ್ಮ ಡೋಣಿ ನದಿ ದಂಡೆಯ ಎರೆ ದಖ್ಖನ್ನಿನ ಬಸಾಲ್ಟ್ ಶಿಲೆ ಸವೆದು ಆದ ಜಿಗುಟು ಮಣ್ಣು, ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ, ಉಕ್ರೇನಿನ ಚೆರ್ನೋಜೆಮ್ ಎಂಬ ಕಪ್ಪು ಮಣ್ಣು ಸಾವಿರಾರು ವರ್ಷ ಹುಲ್ಲುಗಾವಲಿನ ಬೇರುಗಳು ಕೊಳೆತು ಸೇರಿದ ಸಾವಯವ ಅಂಶದಿಂದ ಕಪ್ಪಾದದ್ದು. ಬಣ್ಣ ಒಂದೇ ಆದರೂ ಹುಟ್ಟು ಬೇರೆ. ಸುದ್ದಿಯಿಂದ ಪಾಠ ಕಟ್ಟುವಾಗ ಹೋಲಿಕೆ ಬೇಗ ಸಿಗುತ್ತದೆ, ಆ ಬೇಗವೇ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದು ನನಗೆ ಆ ಹೆಂಟೆಯಿಂದ ತಿಳಿಯಿತು. ಅದನ್ನು ಇನ್ನೂ ಪ್ರಯೋಗಾಲಯದ ಕಪಾಟಿನಲ್ಲಿ ಇಟ್ಟಿದ್ದೇನೆ.

ಹತ್ತನೇ ತರಗತಿ

ಇಬ್ಬರ ಬರಹವನ್ನೂ ಗೌರವದಿಂದ ಓದಿದೆ. ಆದರೆ ನನ್ನ ಕಷ್ಟವನ್ನು ಇಲ್ಲಿ ಹೇಳಲೇಬೇಕು. ನಮ್ಮ ಪಠ್ಯದಲ್ಲಿ ಎಂಟನೇ ತರಗತಿಗೆ ಶಿಲಾಗೋಳ, ವಾಯುಗೋಳ, ಜಲಗೋಳಗಳು, ಒಂಬತ್ತಕ್ಕೆ ಕರ್ನಾಟಕ, ಹತ್ತಕ್ಕೆ ಭಾರತ. ಸೂಯೆಜ್ ಆಗಲಿ ಕಪ್ಪು ಸಮುದ್ರವಾಗಲಿ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಗೆ ಬರುವುದಿಲ್ಲ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವನ್ನೂ ಒಬ್ಬರೇ ಮುಗಿಸಬೇಕಾದ ಶಿಕ್ಷಕರಿಗೆ ವಾರಕ್ಕೊಂದು ಸುದ್ದಿ ಹಿಡಿದು ಕೂರುವ ಪುರುಸೊತ್ತು ಎಲ್ಲಿದೆ? ಫಲಿತಾಂಶ ಇಳಿದರೆ ವಿವರಣೆ ಕೊಡಬೇಕಾದವರು ನಾವೇ. ಭಾರತದ ನಕ್ಷೆಯನ್ನು ಬಿಡಿಸಿ ನಾಲ್ಕು ಸ್ಥಳ ಗುರುತಿಸುವುದನ್ನು ಕಲಿಸುವುದೇ ಹಿಂದುಳಿದ ಮಕ್ಕಳೊಂದಿಗೆ ಒಂದು ತಿಂಗಳ ಕೆಲಸ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ವಿದೇಶಿ ಸುದ್ದಿತಾಣಗಳ ನಕ್ಷೆಗಳಲ್ಲಿ ಭಾರತದ ಗಡಿಯನ್ನು ಬೇರೆ ಬೇರೆ ರೀತಿಯಲ್ಲಿ ತೋರಿಸಿರುತ್ತಾರೆ. ಅದನ್ನೇ ಮುದ್ರಿಸಿ ಮಕ್ಕಳ ಕೈಗೆ ಕೊಟ್ಟರೆ ಮಕ್ಕಳಿಗೂ ಗೊಂದಲ, ಶಿಕ್ಷಕರಿಗೂ ತೊಂದರೆ. ನಕ್ಷೆ ಮಾತ್ರ ಭಾರತೀಯ ಸರ್ವೇಕ್ಷಣಾ ಇಲಾಖೆಯದ್ದೇ ಇರಲಿ.

ಇಬ್ಬರು ಮಕ್ಕಳ ತಾಯಿ

ನಾನು ಶಿಕ್ಷಕಿಯಲ್ಲ, ಪೋಷಕಿ. 2024ರ ಜುಲೈ 16ರಂದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು, ಗಂಗಾವಳಿ ನದಿಯೊಳಗೆ ದಿನಗಟ್ಟಲೆ ಹುಡುಕಾಟ ನಡೆಯಿತು. ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದವು. ನನ್ನ ಮಗಳ ತರಗತಿಯಲ್ಲಿ "ಪ್ರಸ್ತುತ ಘಟನೆ" ಎಂದು ಆ ವಿಡಿಯೊಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು. ನಮ್ಮ ಮನೆಯ ಹಿಂದೆಯೂ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇದೆ. ಅವಳು ಹನ್ನೆರಡು ದಿನ ಒಬ್ಬಳೇ ಮಲಗಲಿಲ್ಲ. ಮಳೆ ಜೋರಾದಾಗಲೆಲ್ಲ ಎದ್ದು ಕಿಟಕಿಯ ಬಳಿ ನಿಲ್ಲುತ್ತಿದ್ದಳು. ಸುದ್ದಿಯನ್ನು ಪಾಠ ಮಾಡುವವರು ಮಗುವಿನ ಈ ರಾತ್ರಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಹಳೆಯ ಅಟ್ಲಾಸ್

ನಿವೃತ್ತ ಮುಖ್ಯೋಪಾಧ್ಯಾಯನಾದ ನನಗೆ ಕಾಫಿಸೀಮೆ ಶಿಕ್ಷಕಿಯವರ ದಾರದ ವಿಷಯದಲ್ಲಿ ಒಂದು ತಿದ್ದುಪಡಿ ಇದೆ. ಗೋಡೆ ನಕ್ಷೆಯ ಮೇಲೆ ಎಳೆದ ದಾರ ದೂರವನ್ನು ಸರಿಯಾಗಿ ಹೇಳುವುದಿಲ್ಲ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಹಚ್ಚಿದಾಗ ಎಲ್ಲೋ ಒಂದು ಕಡೆ ಹಿಗ್ಗಲೇಬೇಕು. 1569ರಲ್ಲಿ ಮರ್ಕೇಟರ್ ನಾವಿಕರಿಗಾಗಿ ರಚಿಸಿದ ಕ್ರಮವನ್ನು ಅನುಸರಿಸುವ ನಕ್ಷೆಗಳಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ಕಾಣುತ್ತದೆ, ವಾಸ್ತವದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು ದೊಡ್ಡದು. ದಯವಿಟ್ಟು ದಾರವನ್ನು ಗೋಳದ ಮೇಲೆ ಎಳೆಯಿಸಿ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಿಳಿದ ಸುದ್ದಿಯನ್ನು ನನ್ನ ಮೊಮ್ಮಗ ಓದಿ, "ನೇರವಾಗಿ ಬರುವುದು ಬಿಟ್ಟು ಮೇಲೆ ಯಾಕೆ ಹೋದರು?" ಎಂದು ಕೇಳಿದ. ಗೋಳದ ಮೇಲೆ ಎರಡೂ ಊರುಗಳಿಗೆ ದಾರ ಬಿಗಿದು ಹಿಡಿ ಎಂದೆ. ದಾರ ತಾನಾಗಿಯೇ ಜಾರಿ ಧ್ರುವದ ಕಡೆಗೆ ಹೋಯಿತು. ಅದಕ್ಕಿಂತ ಹೆಚ್ಚು ನಾನು ವಿವರಿಸಬೇಕಾಗಲಿಲ್ಲ.

ಸೂಯೆಜ್ ವಿಷಯಕ್ಕೆ ಬಂದರೆ, ಈ ಪಾಠ ಹೊಸದೇನೂ ಅಲ್ಲ. 1967ರ ಜೂನಿನ ಯುದ್ಧದಿಂದ 1975ರ ಜೂನಿನವರೆಗೆ ಎಂಟು ವರ್ಷ ಆ ಕಾಲುವೆ ಮುಚ್ಚಿಯೇ ಇತ್ತು, ಒಳಗೆ ಸಿಕ್ಕಿಬಿದ್ದ ಹಡಗುಗಳ ಮೇಲೆ ಮರುಭೂಮಿಯ ಮರಳು ಕೂತು ಅವು ಹಳದಿಯಾಗಿದ್ದವು. ಆಗ ನಾನು ಪ್ರೌಢಶಾಲೆಯ ವಿದ್ಯಾರ್ಥಿ. ನಮ್ಮ ಮೇಷ್ಟರು ಊರಿನ ಪಂಚಾಯಿತಿ ರೇಡಿಯೊದಲ್ಲಿ ರಾತ್ರಿ ವಾರ್ತೆ ಕೇಳಿ, ಬೆಳಿಗ್ಗೆ ಶಾಲೆಯ ಅಂಗಳದ ಮಣ್ಣಿನಲ್ಲಿ ಕೋಲಿನಿಂದ ಆಫ್ರಿಕಾ ಬರೆದು, ನಮ್ಮನ್ನೇ ಹಡಗುಗಳನ್ನಾಗಿ ಮಾಡಿ ಸುತ್ತು ಹೊಡೆಸಿದರು. ಗುಡ್ ಹೋಪ್ ಬಳಿ ತಿರುಗುವಾಗ ನಾನು ಎಡವಿ ಬಿದ್ದೆ. ಆ ಭೂಶಿರ ನನಗೆ ಇಂದಿಗೂ ಮರೆತಿಲ್ಲ.

ಕೂಡಲಿ ಸಂಗಮ

ಶಿವಮೊಗ್ಗ ಕಡೆಯ ಶಾಲೆಯೊಂದರಲ್ಲಿ ನನ್ನ ಸೇವೆ. ನಮ್ಮಲ್ಲಿ ಹಕ್ಕಿಪಿಕ್ಕಿ ಸಮುದಾಯದ ಮಕ್ಕಳಿದ್ದಾರೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕದನ ಆರಂಭವಾದಾಗ, ಗಿಡಮೂಲಿಕೆ ವ್ಯಾಪಾರಕ್ಕೆಂದು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಕೊಂಡಿದ್ದರು. ಅವರಲ್ಲಿ ಹಲವರು ಇದ್ದದ್ದು ಪಶ್ಚಿಮದ ಡಾರ್ಫರ್ ಪ್ರದೇಶದ ಎಲ್ ಫಾಶೆರ್ ಪಟ್ಟಣದಲ್ಲಿ. ಭಾರತ ಸರ್ಕಾರ "ಆಪರೇಷನ್ ಕಾವೇರಿ" ಎಂಬ ಹೆಸರಿನಲ್ಲಿ ಜನರನ್ನು ಪೋರ್ಟ್ ಸುಡಾನ್ ಬಂದರಿಗೆ ಸೇರಿಸಿ, ಕೆಂಪು ಸಮುದ್ರ ದಾಟಿಸಿ ಜೆಡ್ಡಾ ಮಾರ್ಗವಾಗಿ ಕರೆತಂದಿತು.

ಬೇಸಿಗೆ ರಜೆ ಕಳೆದು ಶಾಲೆ ತೆರೆದಾಗ ಎಂಟನೇ ತರಗತಿಯ ಒಬ್ಬ ಹುಡುಗಿ, ಓದಿನಲ್ಲಿ ಸದಾ ಹಿಂದೆ ಎಂದು ಎಲ್ಲರೂ ಅಂದುಕೊಂಡಿದ್ದವಳು, ಆಫ್ರಿಕಾದ ನಕ್ಷೆಯ ಮುಂದೆ ನಿಂತು ತನ್ನ ಮಾವ ಬಂದ ದಾರಿಯನ್ನು ಬೆರಳಿನಲ್ಲಿ ತೋರಿಸಿದಳು. ಎಲ್ ಫಾಶೆರ್‌ನಿಂದ ಸಮುದ್ರದವರೆಗೆ ಇಡೀ ದೇಶವನ್ನು ಅಡ್ಡಲಾಗಿ ದಾಟಬೇಕು, ನಡುವೆ ಮರುಭೂಮಿ, ಬಸ್ಸು ಸಿಕ್ಕರೆ ಡೀಸೆಲ್ ಇಲ್ಲ. ನಾನು ಆ ದಿನ ಕೇಳುಗನಾಗಿದ್ದೆ. ಖಾರ್ಟೂಮ್ ನಗರದಲ್ಲಿ ನೀಲಿ ನೈಲ್ ಮತ್ತು ಬಿಳಿ ನೈಲ್ ಕೂಡುತ್ತವೆ ಎಂದು ನಾನು ಹೇಳಿದ ತಕ್ಷಣ ಇನ್ನೊಬ್ಬ, "ನಮ್ಮ ಕೂಡಲಿಯಲ್ಲಿ ತುಂಗೆ, ಭದ್ರೆ ಸೇರುವ ಹಾಗೆ" ಎಂದ. ಅಲ್ಲಿಂದ ಇಥಿಯೋಪಿಯದ ಎತ್ತರದ ನೆಲದ ಮೇಲೆ ಸುರಿಯುವ ಮಳೆ, ಆ ಮಳೆ ಹೊತ್ತು ತರುವ ಮೆಕ್ಕಲು, ಮಳೆಗಾಲದಲ್ಲಿ ನೀಲಿ ನೈಲ್ ಉಕ್ಕಿ ಬರುವ ಕಾರಣ, ಎಲ್ಲವೂ ತಾವಾಗಿಯೇ ಬಂದವು. ಎರೆಮಣ್ಣು ಅವರ ಮಾತು ನೆನಪಿದ್ದುದರಿಂದ ಇಷ್ಟನ್ನು ಸೇರಿಸುತ್ತೇನೆ: ತುಂಗಭದ್ರೆ ಕೃಷ್ಣೆಯನ್ನು ಸೇರುವವರೆಗೂ ಮಳೆಯ ನಾಡಿನಿಂದ ಒಣನಾಡಿಗೆ ಹರಿಯುತ್ತದೆ, ನೈಲ್ ನದಿಯದ್ದೂ ಅದೇ ಕಥೆ. ಈ ಹೋಲಿಕೆ ನಿಲ್ಲುತ್ತದೆ ಎಂದು ನನ್ನ ನಂಬಿಕೆ.

ಕಾಫಿಸೀಮೆ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಗೋಳದ ಮೇಲಿನ ದಾರದ ಪಾಠವನ್ನು ನಾಳೆಯೇ ಮಾಡುತ್ತೇನೆ.

ಪೋಷಕಿಯವರ ಮಾತಿಗೆ ಮೊದಲು ಉತ್ತರಿಸಬೇಕು, ಏಕೆಂದರೆ ಇದು ನಮ್ಮೂರಿನದ್ದೂ ಹೌದು. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡಗಳು ಜಾರಿದಾಗ ಮನೆ ಕಳೆದುಕೊಂಡ ಕುಟುಂಬದ ಮಗು ನನ್ನ ತರಗತಿಯಲ್ಲಿ ಕೂತಿತ್ತು. ಸಾವಿನ ವಿಡಿಯೊ ತೋರಿಸುವುದು ಭೂಗೋಳ ಪಾಠವಲ್ಲ. ಅದರಿಂದ ಮಗು ಕಲಿಯುವುದು ಭಯವನ್ನು ಮಾತ್ರ, ಕಾರಣವನ್ನಲ್ಲ. ನಾವು ಒಂದು ತಗಡಿನ ತಟ್ಟೆಯಲ್ಲಿ ತೋಟದ ಮಣ್ಣನ್ನು ಇಳಿಜಾರಾಗಿ ಹಾಕಿ, ಒಂದು ಬದಿಗೆ ಹುಲ್ಲಿನ ಹೆಂಟೆ ಕೂರಿಸಿ, ಇನ್ನೊಂದು ಬದಿಯ ಬುಡವನ್ನು ರಸ್ತೆಗೆ ಕೊರೆದ ಹಾಗೆ ಕತ್ತರಿಸಿ, ಎರಡರ ಮೇಲೂ ಸೋರುವ ಡಬ್ಬದಿಂದ ನೀರು ಸುರಿಯುತ್ತೇವೆ. ಯಾವ ಬದಿ ಮೊದಲು ಜಾರಿತು, ಜಾರುವ ಮುನ್ನ ಎಲ್ಲಿ ಬಿರುಕು ಕಂಡಿತು ಎಂದು ಮಕ್ಕಳು ಬರೆಯುತ್ತಾರೆ. ಆಮೇಲೆ ತಮ್ಮ ಮನೆಯ ಧರೆಯಲ್ಲಿ ಏನನ್ನು ಗಮನಿಸಬೇಕು, ಕೆಸರು ನೀರು ಒಮ್ಮೆಗೇ ಒಸರತೊಡಗಿದರೆ ಯಾರಿಗೆ ಹೇಳಬೇಕು ಎಂದು ಮಾತಾಡುತ್ತೇವೆ. ಕಾರಣ ತಿಳಿದ ಮಗುವಿಗೂ ಭಯ ಇರುತ್ತದೆ, ಆದರೆ ಆ ಭಯಕ್ಕೆ ಮಾಡಲು ಒಂದು ಕೆಲಸವಿರುತ್ತದೆ.

ಪರೀಕ್ಷೆಯ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ನಾನು ಸುದ್ದಿಗೆ ಬೇರೆ ಅವಧಿ ಇಟ್ಟಿಲ್ಲ, ಪಾಠದ ಒಳಗೇ ಅದಕ್ಕೆ ಜಾಗ ಮಾಡುತ್ತೇನೆ. ಎಂಟನೆಯವರಿಗೆ ಶಿಲಾಗೋಳದಲ್ಲಿ ಭೂಫಲಕಗಳನ್ನು ಹೇಗೂ ಕಲಿಸಬೇಕು. 2023ರ ಫೆಬ್ರವರಿ 6ರಂದು ತುರ್ಕಿ ಮತ್ತು ಸಿರಿಯಾದಲ್ಲಿ 7.8 ತೀವ್ರತೆಯ ಭೂಕಂಪವಾಗಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕಾರಣ ಅರೇಬಿಯ ಫಲಕ ಉತ್ತರಕ್ಕೆ ಸರಿಯುತ್ತಾ ಅನಟೋಲಿಯ ಫಲಕವನ್ನು ಪಕ್ಕಕ್ಕೆ ತಳ್ಳುತ್ತಿರುವುದು. ಇದೇ ಅರೇಬಿಯ ಫಲಕ ಆಫ್ರಿಕಾದಿಂದ ದೂರ ಸರಿದುದರಿಂದ ಬಾಯ್ದೆರೆದ ಬಿರುಕೇ ನಮ್ಮ ಕಾಫಿ ಹಡಗು ಹೋಗುವ ಕೆಂಪು ಸಮುದ್ರ. ದಕ್ಷಿಣದ ತುದಿಯಲ್ಲಿ ಸಮುದ್ರ ಹುಟ್ಟಿಸಿದ ಚಲನೆಯೇ ಉತ್ತರದ ತುದಿಯಲ್ಲಿ ಮನೆಗಳನ್ನು ಕೆಡವಿತು ಎಂಬುದನ್ನು ಒಂದೇ ನಕ್ಷೆಯಲ್ಲಿ ಕಂಡ ಮಗುವಿಗೆ "ಫಲಕಗಳು ದೂರ ಸರಿಯುವ ಗಡಿ, ಪಕ್ಕಪಕ್ಕದಲ್ಲಿ ಜಾರುವ ಗಡಿ" ಎಂದು ಉರು ಹೊಡೆಸಬೇಕಾಗಿಲ್ಲ. ಪಠ್ಯದ ಒಂದು ಅವಧಿಯೂ ಇದರಿಂದ ಕಡಿಮೆಯಾಗಲಿಲ್ಲ. ಹತ್ತನೇ ತರಗತಿಗೆ ಮಾತ್ರ ಇದು ಕಷ್ಟ ಎಂಬುದನ್ನು ಒಪ್ಪುತ್ತೇನೆ. ಡಿಸೆಂಬರ್ ನಂತರ ನಾನೂ ಪುನರಾವರ್ತನೆಗೇ ಕೂರುತ್ತೇನೆ.

ಗಡಿಗಳ ಎಚ್ಚರಿಕೆ ಸರಿಯಾದದ್ದು. ಉಪಗ್ರಹ ಚಿತ್ರ ಬೇಕಾದಾಗ ನಾನು ಇಸ್ರೊದ ಭುವನ್ ತಾಣವನ್ನು ಬಳಸುತ್ತೇನೆ.

ಒಂದು ಸಂಗತಿ ಇನ್ನೂ ಯಾರೂ ಹೇಳಿಲ್ಲ. ಸುದ್ದಿ ತಣ್ಣಗಾದ ಮೇಲೆ ಆ ಊರಿಗೆ ಮತ್ತೆ ಹೋಗುವುದು. ವಿಯೆಟ್ನಾಂನಲ್ಲಿ ಕಾಫಿ ಬೆಳೆಯುವ ಡಾಕ್ ಲಾಕ್ ಪ್ರದೇಶ ನಮ್ಮ ಮಕ್ಕಳಿಗೆ ಬರಗಾಲದ ಊರಾಗಿಯೇ ಉಳಿಯಬಾರದು. ಆರು ತಿಂಗಳ ನಂತರ ಅಲ್ಲಿ ಮಳೆಯಾಯಿತೇ, ಅಲ್ಲಿಯ ಮಕ್ಕಳು ಏನು ತಿನ್ನುತ್ತಾರೆ, ಕಾಫಿ ಹೂ ಅರಳಿಸುವ ಹೂಮಳೆಗೆ ಅವರೂ ನಮ್ಮ ಹಾಗೆ ಕಾಯುತ್ತಾರೋ ಅಥವಾ ಕೊಳವೆಬಾವಿ ನೀರನ್ನೇ ನಂಬಿದ್ದಾರೋ ಎಂದು ಹುಡುಕಿಸುತ್ತೇನೆ. ಹಾಗೆ ಮಾಡದೆ ಹೋದರೆ ಮಕ್ಕಳ ಜಗತ್ತಿನ ನಕ್ಷೆಯಲ್ಲಿ ಸುಡಾನ್ ಎಂದರೆ ಯುದ್ಧ, ತುರ್ಕಿ ಎಂದರೆ ಭೂಕಂಪ ಎಂದಷ್ಟೇ ಅಚ್ಚಾಗುತ್ತದೆ.

ಇಲ್ಲಿ ಹಡಗಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ನನ್ನ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ ಹಾಗೇ ಬಾಕಿ ಇದೆ: ಸೂಯೆಜ್ ಕಾಲುವೆಯ ನೀರು ಯಾವ ಕಡೆಗೆ ಹರಿಯುತ್ತದೆ? ಅವಳ ಮಟ್ಟಿಗೆ ಕಾಲುವೆ ಎಂದರೆ ಭದ್ರಾ ನಾಲೆ.

ಕಡಲ ಹಾದಿ

ನಾನು ಕರಾವಳಿಯವನು, ಸರಕು ಹಡಗಿನ ಎಂಜಿನ್ ವಿಭಾಗದಲ್ಲಿ ಇಪ್ಪತ್ತು ವರ್ಷ ದುಡಿದವನು. ಆ ಹುಡುಗಿಗೆ ನನ್ನ ಉತ್ತರವನ್ನು ಓದಿ ಹೇಳಿ.

ಸೂಯೆಜ್ 193 ಕಿ.ಮೀ. ಉದ್ದದ ಕಾಲುವೆ, ಎರಡೂ ತುದಿಯಲ್ಲಿ ಸಮುದ್ರವೇ ಇದೆ, ನಡುವೆ ಎಲ್ಲಿಯೂ ತೂಬು (ನೀರು ತುಂಬಿಸಿ, ಖಾಲಿ ಮಾಡಿ ಹಡಗನ್ನು ಏರಿಸಿ ಇಳಿಸುವ ಬಾಗಿಲುಗಳುಳ್ಳ ಕಟ್ಟೆ) ಇಲ್ಲ. ಆದ್ದರಿಂದ ಭದ್ರಾ ನಾಲೆಯ ಹಾಗೆ ಎತ್ತರದಿಂದ ತಗ್ಗಿಗೆ ಒಂದೇ ಕಡೆ ಹರಿಯುವುದಿಲ್ಲ. ಕಾಲುವೆಯ ದಾರಿಯಲ್ಲಿ ಕಹಿ ಸರೋವರಗಳೆಂಬ ಉಪ್ಪುನೀರಿನ ಸರೋವರಗಳಿವೆ. ಅವುಗಳ ಉತ್ತರದ ಭಾಗದಲ್ಲಿ ನೀರು ಸಾಮಾನ್ಯವಾಗಿ ಚಳಿಗಾಲದಲ್ಲಿ ಉತ್ತರಕ್ಕೂ ಬೇಸಿಗೆಯಲ್ಲಿ ದಕ್ಷಿಣಕ್ಕೂ ಸರಿಯುತ್ತದೆ. ದಕ್ಷಿಣದ ಭಾಗದಲ್ಲಿ ಕೆಂಪು ಸಮುದ್ರದ ಉಬ್ಬರ ಇಳಿತಕ್ಕೆ ತಕ್ಕಂತೆ ದಿನದಲ್ಲೇ ದಿಕ್ಕು ಬದಲಿಸುತ್ತದೆ. ಪನಾಮಾ ಕಾಲುವೆಯದ್ದು ಬೇರೆ ಬಗೆ. ಅಲ್ಲಿ ಹಡಗನ್ನು ತೂಬುಗಳ ಮೂಲಕ ಸಮುದ್ರಮಟ್ಟದಿಂದ 26 ಮೀಟರ್ ಎತ್ತರದ ಗಾಟುನ್ ಕೆರೆಗೆ ಏರಿಸಿ ಇಳಿಸುತ್ತಾರೆ, ಅದಕ್ಕೆ ಸಿಹಿನೀರು ಬೇಕು. 2023ರಲ್ಲಿ ಮಳೆ ಕೈಕೊಟ್ಟು ಆ ಕೆರೆ ಇಳಿದಾಗ ದಿನಕ್ಕೆ ದಾಟುವ ಹಡಗುಗಳ ಸಂಖ್ಯೆಯನ್ನೇ ಕಡಿತ ಮಾಡಿದರು. ಮಳೆ ಇಲ್ಲದಿದ್ದರೆ ಭದ್ರಾ ನಾಲೆಗೆ ನೀರು ಬಿಡದಿರುವುದನ್ನು ನಿಮ್ಮ ಹುಡುಗಿ ನೋಡಿದ್ದರೆ, ಅವಳು ಕಂಡಿರುವುದು ಸೂಯೆಜ್‌ಗಿಂತ ಪನಾಮಾಕ್ಕೆ ಹತ್ತಿರ.

2021ರ ಮಾರ್ಚಿನಲ್ಲಿ 400 ಮೀಟರ್ ಉದ್ದದ ಎವರ್ ಗಿವನ್ ಹಡಗು ಆರು ದಿನ ಅಡ್ಡಲಾಗಿ ಸಿಕ್ಕಿಬಿದ್ದದ್ದು ಆ ದಕ್ಷಿಣದ ಭಾಗದಲ್ಲೇ. ಅದರ ಸಿಬ್ಬಂದಿ ಭಾರತೀಯರೇ ಆಗಿದ್ದರು. ಅಲ್ಲಿ ದಡ ಎಷ್ಟು ಹತ್ತಿರವೆಂದರೆ ಮೇಲಿನ ಅಟ್ಟದಲ್ಲಿ ನಿಂತರೆ ಮರಳ ಮೇಲೆ ನಡೆದುಹೋಗುವ ಮನುಷ್ಯನ ಚಪ್ಪಲಿಯ ಗುರುತೂ ಕಾಣುತ್ತದೆ. ರಾತ್ರಿ ದಾಟುವಾಗ ಹಡಗಿನ ಮೂತಿಗೆ ಆ ಕಾಲುವೆಗೆಂದೇ ಇರುವ ದೊಡ್ಡ ಶೋಧದೀಪವನ್ನು ಕಟ್ಟಿಕೊಳ್ಳಬೇಕು. ಎರಡೂ ದಡ ಆ ಬೆಳಕಿನಲ್ಲಿ ಹಳದಿಯಾಗಿ ಸರಿಯುತ್ತಿರುತ್ತವೆ.

ಕಾಫಿಸೀಮೆ ಶಿಕ್ಷಕಿ

ಈ ಉತ್ತರವನ್ನು ಇಂದು ಬೆಳಿಗ್ಗೆ ತರಗತಿಯಲ್ಲಿ ಓದಿದೆ. ಆ ಹುಡುಗಿ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡು, ಗೋಳದ ಮೇಲೆ ಪನಾಮಾ ಹುಡುಕಿ, ಅಲ್ಲೊಂದು ಹೊಸ ಚೀಟಿ ಅಂಟಿಸಿದ್ದಾಳೆ. ಚೀಟಿಯ ಮೇಲೆ ಅವಳು ಬರೆದಿರುವುದು ಇಷ್ಟು: "ಇಲ್ಲಿ ಈ ವರ್ಷ ಮಳೆ ಬಂತಾ?"